ಒಂದು ಪೇಪರ್ ಬಾಕಿ ಇದ್ದ ಅಧ್ಯಕ್ಷರು

ತಾರಸಿಯ ಮೇಲೆ ಸಾಲಾಗಿ ಬಟ್ಟೆ ಒಣಗುತ್ತಿರುವುದು ಕಂಡರೆ ಬೇರೆಯವರಿಗೆ ಏನು ನೆನಪಾಗುತ್ತದೋ ನನಗೆ ತಿಳಿಯದು. ನನಗೆ ಅಮೆರಿಕದ ಸಂವಿಧಾನ ನೆನಪಾಗುತ್ತದೆ. ಅದರ ಹಿಂದೆಯೇ ನಮ್ಮ ಭಾವ ಬಂದು ನಿಲ್ಲುತ್ತಾರೆ. ಮಡಿಸಿದ ತೋಳಿನ ಅಂಗಿ, ಕಿವಿಯ ಮೇಲೊಂದು ಪೆನ್ಸಿಲ್, ಮುಖದಲ್ಲಿ ಇಡೀ ದೇಶವನ್ನೇ ಒಬ್ಬರೇ ಹೊತ್ತ ಗಾಂಭೀರ್ಯ. ಆ ದಿನಗಳು ಇನ್ನೊಮ್ಮೆ ಸಿಗುವುದಾದರೆ ನಾನು ಈಗಿನ ಮನೆಯ ಲಿಫ್ಟು, ಗೀಜರು ಎಲ್ಲವನ್ನೂ ಬಿಟ್ಟು ಆ ಸವೆದ ಮೆಟ್ಟಿಲುಗಳನ್ನು ಬಕೆಟ್ ಹಿಡಿದು ಹತ್ತಲು ಸಿದ್ಧ.

ಆಗ ನಾನು ಟೈಪಿಂಗ್ ಕಲಿಯುವ ನೆಪದಲ್ಲಿ ಅಕ್ಕನ ಮನೆ ಸೇರಿಕೊಂಡಿದ್ದೆ. ಮೂರು ಅಂತಸ್ತಿನ ಹಳೆಯ ಕಟ್ಟಡ, ಒಂಬತ್ತು ಸಂಸಾರ, ಒಂದೇ ತಾರಸಿ, ಅದಕ್ಕೆ ಏಳು ಹಗ್ಗ. ಭಾವ ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಗುಮಾಸ್ತರು. ಊರಿನ ಅಂಗಡಿಗಳ ತಕ್ಕಡಿ, ತೂಕದ ಕಲ್ಲು, ಲೀಟರಿನ ಅಳತೆ ಎಲ್ಲವೂ ವರ್ಷಕ್ಕೊಮ್ಮೆ ಅವರ ಮೇಜಿನ ಮೇಲೆ ಕೂರಬೇಕು. ಸರಿಯಿದ್ದರೆ ಭಾವ ಮುದ್ರೆ ಒತ್ತುತ್ತಿದ್ದರು. ಐದು ಗ್ರಾಂ ಕಡಿಮೆ ಇದ್ದರೂ ಅವರು ಅಂಗಡಿಯವನನ್ನು ಕನ್ನಡಕದ ಮೇಲಿನಿಂದ ನೋಡುವ ನೋಟಕ್ಕೆ, ಅವನು ತನ್ನ ಅಜ್ಜನ ಕಾಲದ ತಪ್ಪುಗಳನ್ನೂ ಒಪ್ಪಿಕೊಂಡುಬಿಡುತ್ತಿದ್ದ.

ಅಂಥ ಭಾವನ ತೂಕದಲ್ಲೇ ಕೊರತೆಯಿದೆ ಎಂದು ನನಗೆ ಗೊತ್ತಾದದ್ದು ಬಚ್ಚಲಿನ ಬಾಗಿಲಲ್ಲಿ. ಒಂದು ಬೆಳಿಗ್ಗೆ ಅವರು ಒಳಗೆ ಹೋಗಿ ಮುಕ್ಕಾಲು ಗಂಟೆಯಾಗಿತ್ತು. ನೀರಿನ ಸದ್ದಿಲ್ಲ. ನಾನು ಗಾಬರಿಯಾಗಿ ಬಾಗಿಲು ಬಡಿದೆ. ಒಳಗೆ ಏನೋ ದೊಪ್ಪೆಂದು ಬಿತ್ತು. ಬಾಗಿಲು ಮೂರು ಬೆರಳಿನಷ್ಟು ತೆರೆಯಿತು, ಒಂದು ಕೈ ಹೊರಬಂತು, ನನ್ನ ಅಂಗಿಯ ಕಾಲರ್ ಹಿಡಿದು ಒಳಗೆಳೆದುಕೊಂಡಿತು. ಮಗುಚಿ ಹಾಕಿದ ಬಕೆಟ್ಟಿನ ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆಯ ರಟ್ಟು ಹಾಕಿದ ದಪ್ಪ ಪುಸ್ತಕವೊಂದು ಒದ್ದೆಯಾಗಿ ಬಿದ್ದಿತ್ತು.

"ಯಾರಿಗೂ ಹೇಳ್ಬೇಡ ಕಣಯ್ಯಾ," ಎಂದರು ಭಾವ. "ನಾನು ಬಿ.ಎ. ಅಲ್ಲ."

"ಮದುವೆ ಕಾಗದದಲ್ಲಿ ಇತ್ತಲ್ಲ ಭಾವ?"

"ಕಾಗದ ಅಚ್ಚಿಗೆ ಹೋದಾಗ ಫಲಿತಾಂಶ ಬಂದಿರ್ಲಿಲ್ಲ. ಬರುತ್ತೆ ಬಿಡು ಅಂತ ದೊಡ್ಡವರು ಹಾಕಿಸಿಬಿಟ್ರು. ಬಂತು. ಒಂದು ಪೇಪರ್ ಹೋಗಿತ್ತು. ಅಮೆರಿಕದ ರಾಜಕೀಯ ಇತಿಹಾಸ ಮತ್ತು ಸರ್ಕಾರ. ಮದುವೆಯಾದ ವಾರದಲ್ಲೇ ನಿಮ್ಮಕ್ಕನಿಗೆ ಹೇಳೋಣ ಅಂದ್ಕೊಂಡೆ. ಆಮೇಲೆ ಮಗಳು ಹುಟ್ಟಲಿ ಅಂದ್ಕೊಂಡೆ. ಆಮೇಲೆ ಮಗಳು ಶಾಲೆಗೆ ಸೇರಲಿ ಅಂದ್ಕೊಂಡೆ."

ಹೀಗೆ ಅಂದುಕೊಳ್ಳುವುದರಲ್ಲೇ ಹದಿನಾಲ್ಕು ವರ್ಷ ಕಳೆದಿತ್ತು. ಆಫೀಸಿನ ಪ್ರವಾಸವೆಂದು ಹೇಳಿ ಐದು ಸಲ ಕದ್ದು ಪರೀಕ್ಷೆ ಬರೆದು ಐದು ಸಲವೂ ಫೇಲಾಗಿದ್ದರು. ಅವರ ತಲೆಯಲ್ಲಿ ಆ ದೇಶದ ಇತಿಹಾಸವೆಲ್ಲ ಕಲಸಿಹೋಗಿತ್ತು. ಸೆನೆಟ್ ಯಾವುದು, ಪ್ರತಿನಿಧಿ ಸಭೆ ಯಾವುದು ಎಂಬುದು ಪ್ರತಿ ಸಲವೂ ಪರೀಕ್ಷೆಯ ಕೊಠಡಿಯಲ್ಲಿ ಅದಲುಬದಲಾಗುತ್ತಿತ್ತು. ಈಗ ವಿಶ್ವವಿದ್ಯಾಲಯದಿಂದ ಪ್ರಕಟಣೆ ಬಂದಿತ್ತು: ಹಳೆಯ ಪಠ್ಯಕ್ರಮದವರಿಗೆ ಇದೇ ಕೊನೆಯ ಅವಕಾಶ, ಮೂರು ತಿಂಗಳ ನಂತರ ಪರೀಕ್ಷೆ. ಈ ಸಲ ತಪ್ಪಿದರೆ ಭಾವ ಸಾಯುವ ತನಕ ಸುಳ್ಳು ಬಿ.ಎ. ಆಗಿಯೇ ಉಳಿಯಬೇಕು. ಅಕ್ಕನ ಮುಂದೆ ತಲೆಯೆತ್ತಿ ನಿಲ್ಲಲು ಅವರಿಗಿದ್ದ ದಾರಿ ಇದೊಂದೇ.

ಬಚ್ಚಲಿನಲ್ಲಿ ಓದಿ ಪುಸ್ತಕಕ್ಕೆ ಬೂಷ್ಟು ಹಿಡಿಯತೊಡಗಿದ ಮೇಲೆ ಭಾವ ಅದನ್ನು ಹಾಸಿಗೆಯ ಮಡಿಕೆಯಲ್ಲಿಟ್ಟರು. ಹಾಸಿಗೆಯನ್ನು ಹೆಂಗಸರು ಬಿಸಿಲಿಗೆ ಹಾಕುತ್ತಾರೆ ಎಂಬ ವಿಷಯ ಯಾವ ಪಠ್ಯಕ್ರಮದಲ್ಲೂ ಇಲ್ಲವಲ್ಲ! ಮುಂದಿನ ಭಾನುವಾರ ಅಕ್ಕ ಆ ಹಾಸಿಗೆಯನ್ನು ನನ್ನ ತಲೆಯ ಮೇಲೆ ಹೊರಿಸಿ ತಾರಸಿಗೆ ಕರೆದೊಯ್ದಳು. ಭಾವ ಹಿಂದೆಯೇ ಓಡಿಬಂದರೂ ಮೂರು ಮೆಟ್ಟಿಲು ತಡವಾಗಿತ್ತು.

ಮೇಲೆ ಎಂದಿನಂತೆ ಹಗ್ಗದ ಜಗಳ ನಡೆದಿತ್ತು. ನೆಲಮಹಡಿಯ ಬೇಕರಿಯವರದು ಹನ್ನೊಂದು ಜನರ ಸಂಸಾರ. ಮೇಲಿನ ಮಹಡಿಯ ನರ್ಸಮ್ಮ ಒಂಟಿ.

"ತಲೆ ಎಣಿಸಿ ಹಗ್ಗ ಕೊಡಿ," ಎನ್ನುತ್ತಿದ್ದರು ಬೇಕರಿಯವರು. "ಹನ್ನೊಂದು ಜನರ ಬಟ್ಟೆಗೂ ಒಬ್ಬರ ಬಟ್ಟೆಗೂ ಒಂದೇ ಹಗ್ಗ ಅಂದ್ರೆ ಯಾವೂರ ನ್ಯಾಯ ಇದು?"

"ಬಾಡಿಗೆ ಮನೆಗಿಷ್ಟು ಅಂತ ಕೊಡ್ತೀವಿ, ತಲೆಗಿಷ್ಟು ಅಂತಲ್ಲ," ಎಂದರು ನರ್ಸಮ್ಮ. "ನನ್ನ ಯೂನಿಫಾರ್ಮ್ ಒಣಗದಿದ್ರೆ ಒದ್ದೆ ಬಟ್ಟೇಲಿ ರೋಗಿಗೆ ಸೂಜಿ ಚುಚ್ಚಲಾ?"

ಇವರಿಬ್ಬರ ನಡುವೆ ತೀರ್ಪುಗಾರರಾಗಿ ನಿಂತಿದ್ದವರು ನಿವೃತ್ತ ಹೆಡ್‌ಮಾಸ್ತರು. ನಾನು ಹಾಸಿಗೆ ಕೊಡವಿದೆ. ಪುಸ್ತಕ ಸರಿಯಾಗಿ ಅವರ ಕಾಲಬುಡಕ್ಕೆ ಬಿತ್ತು. ಅವರು ಎತ್ತಿ ಕ್ಯಾಲೆಂಡರಿನ ಹಾಳೆ ಸರಿಸಿ ಶೀರ್ಷಿಕೆಯನ್ನು ಇಡೀ ತಾರಸಿಗೆ ಕೇಳುವಂತೆ ಓದಿದರು.

"ಏನ್ರೀ ಇದು?" ಎಂದಳು ಅಕ್ಕ. "ಬಿ.ಎ. ಮುಗಿಸಿ ಇಷ್ಟು ವರ್ಷ ಆದ್ಮೇಲೆ ಈಗ್ಯಾಕೆ ಈ ಪುಸ್ತಕ? ಅದೂ ಹಾಸಿಗೇಲಿ?"

ಭಾವ ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಆಕಾಶ ನೋಡಿದರು, ಕೊನೆಗೆ ಹಗ್ಗ ನೋಡಿದರು. "ಈ ಜಗಳ ಬಗೆಹರಿಸೋಕೇ ಓದ್ತಾ ಇದ್ದೆ," ಎಂದರು. "ಆ ದೇಶ ಶುರುವಾದಾಗಲೂ ಹೀಗೇ ಆಗಿತ್ತು. ದೊಡ್ಡ ರಾಜ್ಯಗಳು ತಲೆ ಎಣಿಸಿ ಅಂದವು, ಸಣ್ಣ ರಾಜ್ಯಗಳು ಎಲ್ಲರೂ ಸಮ ಅಂದವು."

"ಆಮೇಲೆ?" ಎಂದರು ಬೇಕರಿಯವರು.

ಆಮೇಲೆ ಏನಾಯಿತೆಂದು ಭಾವನಿಗೆ ನೆನಪಿರಲಿಲ್ಲ. ಐದು ಸಲ ಫೇಲಾದದ್ದೇ ಆ ಪ್ರಶ್ನೆಯಲ್ಲಿ. "ಮುಂದಿನ ಭಾನುವಾರ ಹೇಳ್ತೀನಿ," ಎಂದು ಪುಸ್ತಕ ಕಸಿದುಕೊಂಡರು.

ಆ ವಾರ ಅವರು ಎದೆಯುಬ್ಬಿಸಿ, ಎಲ್ಲರ ಕಣ್ಣೆದುರಿಗೇ ಓದಿದರು. ಅಕ್ಕನಿಗೆ ಹೆಮ್ಮೆಯೋ ಹೆಮ್ಮೆ. "ನಮ್ಮನೆಯವರು ಸಂವಿಧಾನ ಬರೀತಿದಾರೆ, ಗಲಾಟೆ ಮಾಡ್ಬೇಡಿ," ಎಂದು ಮೆಟ್ಟಿಲ ಮೇಲಿನ ಮಕ್ಕಳನ್ನು ಗದರುತ್ತಿದ್ದಳು. ಮುಂದಿನ ಭಾನುವಾರ ಭಾವ ಹೇಳಿದ ಸೂತ್ರ ಹೀಗಿತ್ತು: ಕಟ್ಟಡಕ್ಕೆ ಎರಡು ಸಭೆಗಳು. ಕೆಳಮನೆಯಲ್ಲಿ ತಲೆಗೊಂದು ಮತ. ಮೇಲ್ಮನೆಯಲ್ಲಿ ಸಂಸಾರ ದೊಡ್ಡದಿರಲಿ ಸಣ್ಣದಿರಲಿ, ಮನೆಗೆ ಎರಡೇ ಮತ. ಎರಡೂ ಕಡೆ ಒಪ್ಪಿದರೆ ಮಾತ್ರ ಹಗ್ಗ ಹಂಚಿಕೆ.

ಬೇಕರಿಯವರಿಗೆ ಕೆಳಮನೆ ಹಿಡಿಸಿತು. ಅವರ ಆರು ತಿಂಗಳ ಕೂಸಿಗೂ ಮತ ಬಂತು. ಮತದಾನದ ಹೊತ್ತಿಗೆ ತಾಯಿ ಅದರ ಕೈ ಎತ್ತಿ ಹಿಡಿಯುತ್ತಿದ್ದಳು. ಮೇಲ್ಮನೆಯಲ್ಲಿ ನಮ್ಮ ಮನೆಯ ಪರವಾಗಿ ಅಕ್ಕ ಮತ್ತು ನಾನು. ನರ್ಸಮ್ಮನ ಮನೆಯಲ್ಲಿ ಇನ್ನೊಬ್ಬರು ಇಲ್ಲವಾದ್ದರಿಂದ ಅವರು ಎರಡೂ ಕೈ ಎತ್ತುವುದೆಂದು ತೀರ್ಮಾನವಾಯಿತು. ಹೊಸಬರು ಯಾರಾದರೂ ಆಗ ಮೆಟ್ಟಿಲು ಹತ್ತಿ ಬಂದರೆ, ಎರಡೂ ಕೈ ಮೇಲೆತ್ತಿ ನಿಂತ ನರ್ಸಮ್ಮನನ್ನು ಕಂಡು ದರೋಡೆಯೇ ನಡೆಯುತ್ತಿದೆಯೆಂದು ಹಾಗೇ ಕೆಳಗಿಳಿಯುತ್ತಿದ್ದರು.

ಮಕ್ಕಳನ್ನು ಪೂರ್ತಿ ತಲೆಯೆಂದು ಎಣಿಸುವುದು ಕೆಲವರಿಗೆ ಸರಿಬರಲಿಲ್ಲ. ಭಾವ ಪುಸ್ತಕ ತಿರುವಿ, "ಅಲ್ಲಿ ಕೆಲವರನ್ನ ಐದರಲ್ಲಿ ಮೂರು ಪಾಲು ಅಂತ ಎಣಿಸಿದ್ರು," ಎಂದರು ಉತ್ಸಾಹದಿಂದ.

"ಯಾರನ್ನ?" ಎಂದರು ನರ್ಸಮ್ಮ.

ಭಾವ ಮುಂದಿನ ಸಾಲು ಓದಿದರು. ಓದುತ್ತಾ ದನಿ ಇಳಿಯಿತು. "ಗುಲಾಮರನ್ನ. ಅವರ ತಲೆ ಎಣಿಸಿದ ಲಾಭವೂ ಒಡೆಯರಿಗೇ. ಅವರಿಗೆ ಮತ ಇರ್ಲಿಲ್ಲ." ಕೂಸು ಏನೋ ಕೂಗಿತು. "ಅದು ಬೇಡ," ಎಂದು ಭಾವ ಆ ಪುಟ ಮುಚ್ಚಿದರು. "ನಮ್ಮಲ್ಲಿ ತಲೆ ಅಂದ್ರೆ ಪೂರ್ತಿ ತಲೆ." ಅಂದು ಅವರ ಮೇಲೆ ನನಗೆ ಹುಟ್ಟಿದ ಗೌರವ ಇಂದಿಗೂ ಇದೆ.

ಹಗ್ಗಗಳು ಹಂಚಿಕೆಯಾದವು. ಜಗಳ ನಿಂತಿತು. ಎಲ್ಲರೂ ಸೇರಿ ಭಾವನನ್ನೇ ಅಧ್ಯಕ್ಷರನ್ನಾಗಿ ಆರಿಸಿದರು, ಹೆಡ್‌ಮಾಸ್ತರನ್ನು ಮುಖ್ಯ ನ್ಯಾಯಾಧೀಶರನ್ನಾಗಿ. ತಾರಸಿಯ ಬೀಗದ ಕೈ ಭಾವನ ಸೊಂಟಕ್ಕೆ ಬಂತು. ಬೀಗದ ಕೈ ಬಂದ ಮೇಲೆ ನಡಿಗೆ ಬದಲಾಯಿತು. ತಾರಸಿಯಲ್ಲಿ ಕೇರಂ ಬೋರ್ಡ್ ಇಡಬಹುದೆಂದು ಎರಡೂ ಸಭೆಗಳು ಒಪ್ಪಿದಾಗ ಭಾವ ಅಧ್ಯಕ್ಷರ ವೀಟೋ ಹಾಕಿ ತಡೆದರು. ಸಭೆಗಳು ಮೂರನೇ ಎರಡು ಮತದಿಂದ ವೀಟೋ ಮುರಿದವು. ಆದರೂ ವೀಟೋ ಹಾಕಿದ ಸಂಭ್ರಮದಲ್ಲಿ ಅವರು ಆಫೀಸಿನಲ್ಲೂ ಸೂಪರಿಂಟೆಂಡೆಂಟರ ಆದೇಶವೊಂದಕ್ಕೆ ವೀಟೋ ಎಂದು ಬರೆದು ಕಳಿಸಿ, ಒಂದು ದಿನವೆಲ್ಲ ಉಗ್ರಾಣದಲ್ಲಿ ತುಕ್ಕು ಹಿಡಿದ ತಕ್ಕಡಿ ಎಣಿಸಿ ಬಂದರು.

ಇಷ್ಟಕ್ಕೇ ನಿಂತಿದ್ದರೆ ಭಾವ ಸದ್ದಿಲ್ಲದೆ ಪರೀಕ್ಷೆ ಬರೆದು ಬರುತ್ತಿದ್ದರು. ಆದರೆ ಸಂವಿಧಾನದಲ್ಲಿ ಅವರು ತಮ್ಮ ಇಲಾಖೆಯ ಅಭ್ಯಾಸದಿಂದ ಒಂದು ವಿಧಿ ಸೇರಿಸಿದ್ದರು. "ಯಾವುದನ್ನೂ ಬಾಯಿಮಾತಿನ ಮೇಲೆ ನಂಬತಕ್ಕದ್ದಲ್ಲ; ಪರೀಕ್ಷಿಸಿ ಮುದ್ರೆ ಒತ್ತತಕ್ಕದ್ದು." ಬೇಕರಿಯವರು ಬಟ್ಟೆಯ ಲೆಕ್ಕ ಜಾಸ್ತಿ ಹೇಳದಿರಲಿ ಎಂದು ಬರೆದದ್ದು. ಪರೀಕ್ಷೆಗೆ ಇನ್ನು ನಾಲ್ಕು ವಾರವಿದ್ದಾಗ ಹೆಡ್‌ಮಾಸ್ತರು ಹೊಸ ರಿಜಿಸ್ಟರ್ ತಂದು ಗೆರೆ ಹೊಡೆದರು: ಪದಾಧಿಕಾರಿಯ ವಯಸ್ಸು, ವೃತ್ತಿ, ವಿದ್ಯಾರ್ಹತೆ, ಪರಿಶೀಲನೆ.

"ನಿಮ್ಮ ಡಿಗ್ರಿ ಸರ್ಟಿಫಿಕೇಟ್ ಒಮ್ಮೆ ತೋರಿಸಿಬಿಡಿ," ಎಂದರು ಬಹಳ ಗೌರವದಿಂದ. "ಅನುಮಾನ ಅಂತಲ್ಲ. ವಿಧಿ ನಿಮ್ಮದೇ."

"ಎಲ್ಲೋ ಇದೆ," ಎಂದರು ಭಾವ.

ಆ 'ಎಲ್ಲೋ' ಹುಡುಕಲು ಅಕ್ಕ ಸೆರಗು ಸಿಕ್ಕಿಸಿದಳು. ಪೆಟ್ಟಿಗೆಗಳು ಬರಿದಾದವು, ಅಟ್ಟದ ಸಾಮಾನು ಅಂಗಳಕ್ಕಿಳಿಯಿತು. ಭಾವ ಗೆದ್ದಲು ತಿಂದಿರಬಹುದೆಂದರು. "ಗೆದ್ದಲು ಮದುವೆ ಕಾಗದ ಬಿಟ್ಟು ಡಿಗ್ರಿ ಒಂದನ್ನೇ ತಿನ್ನುತ್ತಾ?" ಎಂದು ಅಕ್ಕ ಕೇಳಿದಳು. ಬೇಕರಿಯ ಮನೆಯವರು ಕೂಸು ಸಮೇತ ಬಂದು ಹುಡುಕಿದರು. ನರ್ಸಮ್ಮ ಮಂಚದ ಕೆಳಗೆ ಟಾರ್ಚ್ ಬಿಟ್ಟರು. ಅಪ್ಪ ನಮಗೆ ಬರೆದ ಹಳೆಯ ಕಾಗದಗಳೆಲ್ಲ ಸಿಕ್ಕವು, ಭಾವ ಅಕ್ಕನಿಗೆ ಬರೆದ ಒಂದು ಕಾಗದವೂ ಸಿಕ್ಕಿತು. ಅದನ್ನು ಬೇಕರಿಯ ಹಿರಿಸೊಸೆ ಎರಡು ಸಾಲು ಓದಿ ನಾಚಿಕೊಂಡು ಮಡಿಸಿಟ್ಟಳು. ಭಾವ ಮೂಲೆಯ ಸ್ಟೂಲಿನ ಮೇಲೆ, ಮುದ್ರೆ ಬೀಳದ ತಕ್ಕಡಿಯ ಹಾಗೆ ಕೂತಿದ್ದರು.

ಶನಿವಾರ ಅಕ್ಕ ಸೋತು ಕೂತು, "ಪರವಾಗಿಲ್ಲ ಬಿಡಿ. ಸೋಮವಾರ ನಾನೇ ಯೂನಿವರ್ಸಿಟಿಗೆ ಹೋಗಿ ನಕಲು ತರ್ತೀನಿ. ಕಷ್ಟಪಟ್ಟು ಓದಿದ್ದು ಕಳ್ಕೊಳ್ಳೋಕಾಗುತ್ತಾ?" ಎಂದಳು.

ಭಾವನ ಮುಖ ನೋಡಲಾಗಲಿಲ್ಲ. ಸಂಜೆ ನಾನು ಅವರಿಗೊಂದು ಉಪಾಯ ಹೇಳಿದೆ. "ನಿಮ್ಮ ಪುಸ್ತಕದಲ್ಲೇ ಇದೆಯಲ್ಲ ಭಾವ, ತನ್ನ ವಿರುದ್ಧ ತಾನೇ ಸಾಕ್ಷಿ ಹೇಳ್ಬೇಕಾಗಿಲ್ಲ ಅಂತ. ಸುಮ್ಮನಿದ್ದುಬಿಡಿ."

"ಅದು ಸರ್ಕಾರದ ಎದುರಿಗೆ ಕಣಯ್ಯಾ," ಎಂದರು. "ಹೆಂಡತಿ ಎದುರಿಗಲ್ಲ."

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಎರಡೂ ಸಭೆಗಳು ತಾರಸಿಯಲ್ಲಿ ಸೇರಿದ್ದವು. ಹೆಡ್‌ಮಾಸ್ತರು ರಿಜಿಸ್ಟರ್ ಬಿಚ್ಚುವ ಮೊದಲೇ ಭಾವ ಎದ್ದು ನಿಂತರು. ಬೀಗದ ಕೈ ಬಿಚ್ಚಿ ಗೋಡೆಯ ಮೇಲಿಟ್ಟರು.

"ಸರ್ಟಿಫಿಕೇಟ್ ಕಳೆದಿಲ್ಲ. ಇಲ್ಲವೇ ಇಲ್ಲ. ಒಂದು ಪೇಪರ್ ಬಾಕಿ. ಇದೇ ಪುಸ್ತಕದ್ದು. ಹಗ್ಗಕ್ಕೋಸ್ಕರ ಓದ್ತಿದೀನಿ ಅಂದದ್ದೂ ಸುಳ್ಳು." ಇಷ್ಟು ಹೇಳಿ ಅವರು ಅಕ್ಕನ ಕಡೆ ನೋಡಿದರು. ಅಕ್ಕ ಹಗ್ಗದ ಮೇಲಿನ ಒಂದು ಟವೆಲನ್ನು ನೋಡುತ್ತಿದ್ದಳು.

ಬೇಕರಿಯವರು ಮೊದಲು ಚೇತರಿಸಿಕೊಂಡರು. "ಹಾಗಾದ್ರೆ ಇವರನ್ನ ಇಳಿಸ್ಬೇಕಲ್ಲ! ಕೈ ಎತ್ತಿ ಎಲ್ಲರೂ!"

"ಹಾಗೆ ಮಾಡಂಗಿಲ್ಲ," ಎಂದರು ಭಾವ ಥಟ್ಟನೆ. "ಮೊದಲು ಕೆಳಮನೆ ಆರೋಪ ಹೊರಿಸ್ಬೇಕು. ಅದಕ್ಕೆ ಬಹುಮತ ಸಾಕು. ವಿಚಾರಣೆ ಮೇಲ್ಮನೇಲಿ. ಅಧ್ಯಕ್ಷನ ವಿಚಾರಣೆಯಾದ್ರಿಂದ ಮುಖ್ಯ ನ್ಯಾಯಾಧೀಶರು ಕೂರಬೇಕು. ಇಳಿಸೋಕೆ ಮೂರನೇ ಎರಡು ಮತ ಬೇಕು. ಅಂದ್ರೆ ಹದಿನೆಂಟರಲ್ಲಿ ಹನ್ನೆರಡು."

ಒಂದು ತಪ್ಪೂ ಇಲ್ಲ! ಐದು ಸಲ ಸೆನೆಟ್ಟಿಗೂ ಪ್ರತಿನಿಧಿ ಸಭೆಗೂ ವ್ಯತ್ಯಾಸ ತಿಳಿಯದೆ ಫೇಲಾದ ಮನುಷ್ಯ ತನ್ನನ್ನು ಇಳಿಸುವ ವಿಧಾನವನ್ನು ತಾನೇ ನಿಂತು ನೀರು ಕುಡಿದಂತೆ ವಿವರಿಸುತ್ತಿದ್ದರು. ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ.

ಯಾರಿಗೂ ಭಾವನ ಮೇಲೆ ದ್ವೇಷವಿರಲಿಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಆದರೆ ಇಷ್ಟು ಚೆನ್ನಾಗಿ ಬರೆದಿಟ್ಟ ನಿಯಮವನ್ನು ಒಮ್ಮೆಯಾದರೂ ಬಳಸಿ ನೋಡದಿದ್ದರೆ ಹೇಗೆ? ಕೆಳಮನೆ ಆರೋಪ ಹೊರಿಸಿತು. ಕೂಸಿನ ಕೈಯೂ ಎದ್ದಿತು. ಮೇಲ್ಮನೆಯಲ್ಲಿ ಹೆಡ್‌ಮಾಸ್ತರು ಕೈಗಳನ್ನು ಎರಡೆರಡು ಸಲ ಎಣಿಸಿ, "ಹನ್ನೊಂದು," ಎಂದರು. ನರ್ಸಮ್ಮನ ಎರಡೂ ಕೈ ಮಡಿಲಲ್ಲೇ ಇದ್ದವು. ನಾನು ನನ್ನ ಕೈಯನ್ನು ಜೇಬಿನಲ್ಲಿ ಹುಗಿದಿದ್ದೆ. ಆ ದೇಶದ ಅಧ್ಯಕ್ಷರೊಬ್ಬರು ಹಿಂದೆ ಇಂಥದೇ ವಿಚಾರಣೆಯಲ್ಲಿ ಒಂದೇ ಒಂದು ಮತದಿಂದ ಉಳಿದುಕೊಂಡರಂತೆ. ಭಾವನೂ ಆ ಒಂದು ಮತದಲ್ಲಿ ಉಳಿದರೆಂದು ನಾನು ಉಸಿರು ಬಿಟ್ಟೆ.

"ನನ್ನ ಕೈಯೂ ಬರ್ಕೊಳ್ಳಿ ಮಾಸ್ತರೇ," ಎಂದಳು ಅಕ್ಕ.

ಹನ್ನೆರಡು. ಅಧ್ಯಕ್ಷರು ಇಳಿದರು. ಹಿಂದೆಯೇ ಅಕ್ಕನೂ ಮೆಟ್ಟಿಲಿಳಿದು ಹೋದಳು. ಇಳಿಸಿದವರೆಲ್ಲ ಭಾವನ ಸುತ್ತ ನಿಂತು, ಏನೋ ಆಟಕ್ಕೆ ಮಾಡಿದ್ದು ಎಂಬಂತೆ ಪೆಚ್ಚಾಗಿ ಅವರ ಬೆನ್ನು ತಟ್ಟಿದರು. ಬೇಕರಿಯವರು ಬಿಸಿಬಿಸಿ ಬನ್ನು ತರಿಸಿ ಅವರ ಕೈಗಿಟ್ಟರು. ಭಾವ ಅದನ್ನು ಹಿಡಿದುಕೊಂಡೇ ಮಧ್ಯಾಹ್ನದವರೆಗೂ ತಾರಸಿಯಲ್ಲಿ ಕೂತಿದ್ದರು.

ಮಾರನೆಯ ಬೆಳಿಗ್ಗೆ ನಾನು ಎದ್ದಾಗ ಅವಳು ಊಟದ ಮೇಜಿನ ಮುಂದೆ ಆ ಪುಸ್ತಕ ಬಿಚ್ಚಿಕೊಂಡು ಕೂತಿದ್ದಳು. ಅವಳು ಓದಿದ್ದು ಹತ್ತನೇ ತರಗತಿ. ಎದುರಿಗೆ ಭಾವ, ಕೈಕಟ್ಟಿಕೊಂಡು.

"ನೀವು ಸುಳ್ಳು ಹೇಳಿದ್ದು ಒಂದು ಕಡೆ ಇರಲಿ," ಎನ್ನುತ್ತಿದ್ದಳು. "ಮಗಳ ಶಾಲೆ ಫಾರಮ್ಮು, ರೇಷನ್ ಕಾರ್ಡು, ಗ್ಯಾಸಿನ ಅರ್ಜಿ, ಎಲ್ಲದರಲ್ಲೂ ಗಂಡನ ವಿದ್ಯಾಭ್ಯಾಸ ಅನ್ನೋ ಕಡೆ ನಾನು ನನ್ನ ಕೈಯಾರೆ ಬಿ.ಎ. ಅಂತ ಬರೆದಿದೀನಿ. ದುಂಡಗೆ ಬರೆದಿದೀನಿ. ನನ್ನಿಂದಲೂ ಸುಳ್ಳು ಹೇಳಿಸಿದ್ರಲ್ಲ?"

"ತಪ್ಪಾಯ್ತು," ಎಂದರು ಭಾವ.

"ಅಧ್ಯಕ್ಷರನ್ನ ಇಳಿಸಿದ್ದಾಯ್ತು, ಅದು ಮುಗೀತು. ಪರೀಕ್ಷೆಗೆ ಎಷ್ಟು ದಿನ ಇದೆ?"

"ಹತ್ತೊಂಬತ್ತು."

"ಸೆನೆಟರ್ ಅವಧಿ ಎಷ್ಟು ವರ್ಷ?"

"ನಾಲ್ಕು... ಅಲ್ಲ, ಆರು."

"ಮೊದಲು ಬಾಯಿಗೆ ಬಂದದ್ದನ್ನೇ ಪೇಪರಲ್ಲಿ ಬರೀತೀರ ನೀವು. ಹತ್ತು ಸಲ ಬರೀರಿ."

ಆ ಹತ್ತೊಂಬತ್ತು ದಿನಗಳಷ್ಟು ಆ ಮನೆ ತುಂಬಿಕೊಂಡಿದ್ದನ್ನು ನಾನು ಮತ್ತೆ ಕಾಣಲಿಲ್ಲ. ಅಕ್ಕ ತರಕಾರಿ ಹೆಚ್ಚುತ್ತಾ ಪ್ರಶ್ನೆ ಕೇಳುವಳು, ಭಾವ ಗಡ್ಡಕ್ಕೆ ಸೋಪು ಹಚ್ಚಿಕೊಂಡು ಉತ್ತರ ಹೇಳುವರು. ಮರೆತರೆ ಅವಳದು ಒಂದೇ ಉಪಾಯ: "ಕೆಳಮನೆ ಅಂದ್ರೆ ಯಾರು?" "ಬೇಕರಿ." "ಮೇಲ್ಮನೆ?" "ನರ್ಸಮ್ಮನ ಎರಡು ಕೈ." "ಹಾಂ, ಈಗ ಬರೀರಿ." ಹೆಡ್‌ಮಾಸ್ತರು ಕೆಂಪು ಶಾಯಿಯಲ್ಲಿ ಉತ್ತರ ತಿದ್ದಿದರು. ನರ್ಸಮ್ಮ ಕೆಲಸಕ್ಕೆ ಹೊರಟವರು ಬಾಗಿಲಲ್ಲಿ ನಿಂತು ಒಂದು ಪ್ರಶ್ನೆ ಕೇಳಿಯೇ ಮುಂದೆ ಹೋಗುವರು. ಬೇಕರಿಯವರ ಮನೆಯ ಮಕ್ಕಳು ಮೆಟ್ಟಿಲ ಮೇಲೆ ಅಧ್ಯಕ್ಷರ ಪಟ್ಟಿಯನ್ನು ಮಗ್ಗಿಯಂತೆ ಕೂಗುವರು. ಐದು ಸಲ ಕದ್ದು ಹೋದ ಪರೀಕ್ಷೆಗೆ ಆರನೇ ಸಲ ಭಾವ ಇಡೀ ಕಟ್ಟಡದ ಎದುರಿಗೇ ಹೊರಟರು. ಆ ಕಟ್ಟಡವನ್ನು ಕೆಡವಿ ಬಹಳ ವರ್ಷವಾಯಿತು. ನರ್ಸಮ್ಮ, ಹೆಡ್‌ಮಾಸ್ತರು ಈಗಿಲ್ಲ.

ದೊಡ್ಡ ರಾಜ್ಯ ಮತ್ತು ಸಣ್ಣ ರಾಜ್ಯಗಳ ಒಪ್ಪಂದವನ್ನು ವಿವರಿಸಿ ಎಂಬ ಪ್ರಶ್ನೆಯೇ ಬಂದಿತ್ತಂತೆ. ಭಾವ ಒಂಬತ್ತು ಪುಟ ಬರೆದು ಬಂದರು. ಬಂದವರಿಗೆ ಒಂದೇ ಚಿಂತೆ. "ಎಲ್ಲೋ ಒಂದು ಕಡೆ ದೊಡ್ಡ ರಾಜ್ಯ ವರ್ಜೀನಿಯಾ ಅನ್ನೋ ಬದಲು ಬೇಕರಿ ಅಂತ ಬರೆದಿದೀನಿ ಕಣಯ್ಯಾ. ಹೊಡೆದುಹಾಕಿದ್ನೋ ಇಲ್ವೋ ನೆನಪಿಲ್ಲ."

ಏಳು ವಾರದ ಮೇಲೆ ಅಂಕಪಟ್ಟಿ ಬಂತು. ಐವತ್ತೆರಡು. ಭಾವ ಅದನ್ನು ಎರಡೂ ಕೈಯಲ್ಲಿ ಹಿಡಿದು, ತಮ್ಮ ಮೇಜಿಗೆ ತಕ್ಕಡಿ ತಂದ ಅಂಗಡಿಯವನಂತೆ ಅಕ್ಕನ ಮುಂದೆ ನಿಂತರು. ಅಕ್ಕ ಕೈ ಒರೆಸಿಕೊಂಡು ತೆಗೆದುಕೊಂಡಳು. ಹೆಸರು ಓದಿದಳು, ಅಂಕ ಓದಿದಳು, ಕಿಟಕಿಯ ಬೆಳಕಿಗೆ ಹಿಡಿದು ವಿಶ್ವವಿದ್ಯಾಲಯದ ಮುದ್ರೆಯನ್ನೂ ನೋಡಿದಳು. ಅವಳ ಕಣ್ಣು ತುಂಬಿತ್ತು, ಮುಖ ಮಾತ್ರ ಬಿಗಿದುಕೊಂಡೇ ಇತ್ತು.

"ಒಂದು ಇನ್‌ಲೆಂಡ್ ಲೆಟರ್ ತಗೊಂಡು ಬಾರೋ," ಎಂದಳು ನನಗೆ. "ಅಪ್ಪನಿಗೆ ಬರೀಬೇಕು."

"ಏನಂತ?" ಎಂದು ಭಾವ ಬೆದರಿ ಕೇಳಿದರು.

"ಅವತ್ತು ನೀವು ನನ್ನ ನೋಡಿಕೊಂಡು ಹೋದ ಮೇಲೆ, ಬಿ.ಎ. ಹುಡುಗ, ಆಗಬಹುದೇನಮ್ಮಾ ಅಂತ ಅಪ್ಪ ಕೇಳಿದ್ರು. ಅದಕ್ಕೆ ಈಗ ಉತ್ತರ ಬರೀತೀನಿ, ಹುಡುಗ ಒಪ್ಪಿಗೆ ಅಂತ."

ನಾನೂ ಅಕ್ಕನೂ ನಕ್ಕುಬಿಟ್ಟೆವು. ಭಾವ ನಗಲಿಲ್ಲ. ಕಾಗದವನ್ನು ತಾವೇ ಅಂಟಿಸಿ, ತಾವೇ ಹೋಗಿ ಡಬ್ಬಕ್ಕೆ ಹಾಕಿ, ಮಾವ ಏನು ಬರೆಯುತ್ತಾರೋ ಎಂದು ಎಂಟು ದಿನ ಆಫೀಸಿಗೆ ತಡವಾಗಿ ಹೋಗುತ್ತಾ ಅಂಚೆಯವನ ದಾರಿ ಕಾದರು.